ಉಣ್ಣಬಾರದ ಮನೆಯ ಸಾಸೇಜು

ಹೊರದೇಶಕ್ಕೆ ಹೋಗಿ ಬಂದವನನ್ನು ಕುಂದಾಪುರದ ಪೇಟೆಯಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: “ಹ್ವಾಯ್, ಅಲ್ಲ್ ಎಂತ ಕಂಡ್ರಿ?” ಗೋಪುರ ಕಂಡೆ, ಸೇತುವೆ ಕಂಡೆ, ಮೋಡದ ಮೇಲಿನಿಂದ ಕಡಲು ಕಂಡೆ ಎಂದರೆ ಅವರಿಗೆ ಸಮಾಧಾನ. ನಾನು ಕಂಡದ್ದು ಹಂದಿಯ ಕರುಳು. ಅದನ್ನು ತೊಳೆದೆ, ತುಂಬಿದೆ, ಸುಟ್ಟೆ. ಥಾಯ್ಲೆಂಡಿನ ರಾಜನ ಅರಮನೆಯನ್ನೂ ಬೇಲಿಯ ಹೊರಗಿನಿಂದ ನೋಡಿದ್ದೇನೆ. ಅದರ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಬಹಳ ಜನ ಇದ್ದಾರೆ, ಅವರೇ ಬರೆಯಲಿ.

ಗುಲ್ವಾಡಿ

ಈ ಪ್ರವಾಸ ನಾನು ಬಯಸಿ ಮಾಡಿದ್ದಲ್ಲ. ನನ್ನ ಅಕ್ಕ ಗಿರಿಜಕ್ಕನಿಗೆ ಒಬ್ಬನೇ ಮಗ, ಸುಧಾಕರ. ಮುಂಬಯಿಯಲ್ಲಿ ಒಂದು ಬಟ್ಟೆ ಅಂಗಡಿ ಸೇರಿದವನು, ಧಣಿಯ ಇನ್ನೊಂದು ಅಂಗಡಿ ನೋಡಿಕೊಳ್ಳಲು ಥಾಯ್ಲೆಂಡಿನ ಉತ್ತರಕ್ಕಿರುವ ಚಿಯಾಂಗ್‌ಮೈ ಎಂಬ ಊರಿಗೆ ಹೋಗಿದ್ದ. ಅಲ್ಲಿಯ ಶಾಲೆಯೊಂದರ ಟೀಚರನ್ನು ಮದುವೆಯಾಗುತ್ತೇನೆ ಎಂದು ಬರೆದ. ಅಂದಿನಿಂದ ಅಕ್ಕ ಗಂಜಿಗೆ ಉಪ್ಪು ಹಾಕುವುದನ್ನೇ ಮರೆತಳು. ಮನೆಯವರೆಲ್ಲ ಸಪ್ಪೆ ಗಂಜಿ ಉಂಡು ತುಟಿ ಪಿಟಕ್ಕೆನ್ನದೆ ಏಳುತ್ತಿದ್ದೆವು.

ನಮ್ಮದು ಅಳಿಯಕಟ್ಟು. ಮನೆತನ ನಡೆಯುವುದು ಹೆಂಗಸರ ಕಡೆಯಿಂದ. ತಾಯಿಯ ಬಳಿ, ಅಂದರೆ ಕುಲ, ಯಾವುದೋ ಮಕ್ಕಳ ಬಳಿಯೂ ಅದೇ, ಯಜಮಾನಿಕೆ ಮಾತ್ರ ತಾಯಿಯ ಒಡಹುಟ್ಟಿದವನದು. ದೆಹಲಿಯವರು ಹೊಸ ಕಾನೂನು ತಂದು ಈ ಪದ್ಧತಿಯ ಕಾಲು ಮುರಿದರೆಂದು ಕೋರ್ಟಿಗೆ ಹೋಗುವವರು ಹೇಳುತ್ತಾರೆ. ಗುಲ್ವಾಡಿಯ ನಮ್ಮ ಮನೆಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಹಾಗಾಗಿ ಅಳಿಯನನ್ನು ಹಿಡಿದು ತರುವ ಕೆಲಸ ಸೋದರಮಾವನಾದ ನನ್ನ ತಲೆಗೆ ಬಂತು.

“ಹೋಯಿ ಮಾಣಿನ್ ಕರ್ಕಂಡ್ ಬಾ” ಎಂದಳು ಅಕ್ಕ. “ಆ ಹೆಣ್ಣಿಗೆ ಬಳಿ ಇಲ್ಲ. ಬಳಿ ಇಲ್ದ ಹೆಣ್ಣಿನ್ ಮಕ್ಕಳಿಗೆ ಬಳಿ ಎಲ್ಲಿಂದ ಬತ್ತ್? ಮತ್ತ್ ಕಾಣ್ ತಮ್ಮ, ಆ ಮನೆಯಂಗೆ ನೀನ್ ಉಂಬುಕಾಗ. ನೀರೂ ಕುಡಿಬ್ಯಾಡ.”

ನೀರು ಯಾಕೆ ಕುಡಿಯಬಾರದೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಹೆಣ್ಣು ನೋಡಲು ಹೋದವರು ಆ ಮನೆಯಲ್ಲಿ ಊಟಕ್ಕೆ ಕುಳಿತರೆಂದರೆ ಸಂಬಂಧ ಒಪ್ಪಿದಂತೆ. ಒಪ್ಪಿಗೆ ಇಲ್ಲದಿದ್ದರೆ ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಹಸು ಕರು ಹಾಕುವುದಿದೆ ಎಂದೋ, ಕಡೆಯ ಬಸ್ಸು ತಪ್ಪುತ್ತದೆ ಎಂದೋ ನೆನಪಾಗಬೇಕು. ನಾನು ಈ ವಿದ್ಯೆಯಲ್ಲಿ ಪಳಗಿದವನು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಷ್ಟೋ ಮನೆಗಳ ಜಗಲಿಯಿಂದ, ಒಳಗೆ ಕೋಳಿ ಸಾರು ಕುದಿಯುತ್ತಿರುವಾಗಲೇ, ಹಸಿದ ಹೊಟ್ಟೆಯಲ್ಲಿ ಗೌರವವಾಗಿ ಎದ್ದು ಬಂದಿದ್ದೇನೆ.

ಅಕ್ಕನಿಗೆ ಇನ್ನೊಂದು ಸಂಕಟವಿತ್ತು. ಆ ಮನೆಯವರು ಹಂದಿ ತಿನ್ನುತ್ತಾರಂತೆ.

“ನಾವೂ ತಿಂತಿಲ್ಯಾ ಅಕ್ಕ?” ಎಂದೆ.

“ಅದ್ ಕಾಡ್ ಹಂದಿ” ಎಂದಳು.

ಬೇಟೆಯಲ್ಲಿ ಬಿದ್ದ ಕಾಡುಹಂದಿ ನಮ್ಮಲ್ಲಿ ಮರ್ಯಾದೆಯ ಪದಾರ್ಥ. ಅದರ ತಲೆಯ ಪಾಲು ಯಜಮಾನನ ಮನೆಗೆ, ಅಂದರೆ ನನಗೆ, ಬಂದೇ ಬರುತ್ತದೆ. ಸಾಕಿದ ಹಂದಿ ಮಾತ್ರ ನಿಷಿದ್ಧ. ಕಾಡಿನಲ್ಲಿ ಹಂದಿ ಏನೇನು ತಿನ್ನುತ್ತದೆಂದು ಯಾರೂ ಹಿಂದೆ ಹೋಗಿ ನೋಡಿಲ್ಲವಾದ್ದರಿಂದ ಅದು ಶುದ್ಧ. ಬ್ರಹ್ಮಾವರದ ನನ್ನ ಹಳೆಯ ಸ್ನೇಹಿತ ಲಾರೆನ್ಸರು ಪ್ರತಿ ಕ್ರಿಸ್ಮಸ್ಸಿಗೆ ಮುಚ್ಚಿದ ಪಾತ್ರೆಯೊಂದನ್ನು ನಮ್ಮ ಹಿತ್ತಿಲ ಬಾಗಿಲಿಗೆ ಕಳಿಸುತ್ತಿದ್ದರು. ಪಾತ್ರೆ ತೊಳೆದು ಹಿಂದೆ ಹೋಗುತ್ತಿತ್ತು. ಒಳಗಿದ್ದದ್ದು ಏನಾಯಿತೆಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ.

ಬ್ಯಾಂಕಾಕ್

ಸುಧಾಕರ ವಿಮಾನ ನಿಲ್ದಾಣಕ್ಕೆ ಬಂದಿದ್ದ. ಕಾಲಿಗೆ ಬಿದ್ದ. ಆಶೀರ್ವಾದ ಮಾಡುವುದೋ, ಕಿವಿ ಹಿಂಡುವುದೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿದೆ.

ಈ ದೇಶದ ಜನ ಎದುರು ಸಿಕ್ಕವರಿಗೆಲ್ಲ ಕೈಮುಗಿಯುತ್ತಾರೆ. ಮೊದಲ ದಿನ ನನ್ನ ಯಜಮಾನಿಕೆಯ ಕೀರ್ತಿ ಇಲ್ಲಿಗೂ ಬಂದು ಮುಟ್ಟಿದೆ ಎಂದುಕೊಂಡೆ. ಆಮೇಲೆ ನೋಡಿದರೆ ಅವರು ಬಸ್ಸಿನ ಕಂಡಕ್ಟರನಿಗೂ ಕೈಮುಗಿಯುತ್ತಾರೆ. ನಮ್ಮಲ್ಲಿ ಕಂಡಕ್ಟರನಿಗೆ ಕೈಮುಗಿಯುವುದು ಚಿಲ್ಲರೆ ಇಲ್ಲದಾಗ ಮಾತ್ರ. ಇಲ್ಲಿ ಗೋಡೆಗಳ ಮೇಲೆ ರಾಮನಿದ್ದಾನೆ, ಹನುಮಂತನಿದ್ದಾನೆ, ಬೀದಿಯಲ್ಲಿ ಬೆಳಗಾದರೆ ಬಟ್ಟಲು ಹಿಡಿದ ಬೌದ್ಧ ಸನ್ಯಾಸಿಗಳಿದ್ದಾರೆ, ಮೂಲೆ ಮೂಲೆಯಲ್ಲಿ ಹಂದಿ ಮಾಂಸದ ಅಂಗಡಿಯೂ ಇದೆ. ಇವುಗಳಲ್ಲಿ ಒಂದಕ್ಕೊಂದು ಜಗಳವಿದ್ದಂತೆ ಕಾಣಲಿಲ್ಲ. ಈ ಜಗಳವನ್ನು ನಾನೊಬ್ಬನೇ ಊರಿನಿಂದ ಹೊತ್ತು ತಂದಂತಿತ್ತು.

ಸುಧಾಕರನ ಪರಿಚಯದ ಥಾಯಿ ವ್ಯಾಪಾರಿಯೊಬ್ಬರು ನಮ್ಮನ್ನು ಊಟಕ್ಕೆ ಕರೆದರು. ಇವರು ಸಂಬಂಧದ ಮನೆಯವರಲ್ಲವಾದ್ದರಿಂದ ಉಣ್ಣಲು ಅಡ್ಡಿಯಿರಲಿಲ್ಲ. ಹುರಿದ ಮೀನು ಬಂತು. ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೂ ನಮ್ಮ ಸಂಸ್ಕಾರದಂತೆ ಕೈ ಅಡ್ಡ ಹಿಡಿದು ಬೇಡ ಎಂದೆ. ಮನೆಯೊಡತಿ ನಗುತ್ತಾ ತಟ್ಟೆಯನ್ನು ಮುಂದಿನವರಿಗೆ ದಾಟಿಸಿದರು. ಕೋಳಿ ಬಂತು, ಬೇಡ ಎಂದೆ, ಅದೂ ದಾಟಿತು. ಊರಿನಲ್ಲಾದರೆ ಬಡಿಸುವವರು ಕೈ ಸರಿಸಿ, ಬೈದು, ಆಣೆ ಹಾಕಿ, ಎಲೆಗೆ ಸುರಿದೇ ಮುಂದೆ ಹೋಗುತ್ತಾರೆ. ಈ ದೇಶದಲ್ಲಿ ಬೇಡ ಎಂದರೆ ಬೇಡ. ಇಷ್ಟು ಒರಟು ಪ್ರಾಮಾಣಿಕತೆ ನಾನು ಎಲ್ಲೂ ಕಂಡಿರಲಿಲ್ಲ.

“ಮಾವ, ಎಂತಕ್ಕೆ ಬ್ಯಾಡ ಅಂದ್ರಿ? ಹಸಿವ್ ಇಲ್ಯಾ?” ಎಂದ ಸುಧಾಕರ ಹೊರಗೆ ಬಂದ ಮೇಲೆ.

“ಹಸಿವ್ ಆಯಿ ಸಾಯ್ತಾ ಇದ್ದೆ. ಅವ್ರ್ ಒತ್ತಾಯ ಮಾಡ್ಕ್ ಅಲ್ದನಾ?”

“ಇಲ್ಲ್ ಒತ್ತಾಯ ಮಾಡುದಿಲ್ಲ ಮಾವ. ಬೇಕಾರೆ ಬೇಕ್ ಅನ್ಕ್.”

ಬಾಯಿಬಿಟ್ಟು ಬೇಕು ಎನ್ನುವುದೇ! ನಮ್ಮ ಮನೆಯಲ್ಲಿ ಐದು ವರ್ಷ ದಾಟಿದ ಮೇಲೆ ಯಾರೂ ಹಾಗೆ ಅಂದದ್ದಿಲ್ಲ. ಬೀದಿ ಬದಿಯ ಗಾಡಿಯಲ್ಲಿ ಬಾಳೆಹಣ್ಣು ಸುಡುತ್ತಿದ್ದರು, ಅದನ್ನೇ ಕೊಂಡು ತಿಂದೆ.

ಉತ್ತರದ ರೈಲು

ರೈಲಿನಲ್ಲಿ ಸುಧಾಕರನಿಗೆ ಬುದ್ಧಿ ಹೇಳಿದೆ. ಕಿಟಕಿಯ ಹೊರಗೆ ಗದ್ದೆ, ಗದ್ದೆಯಲ್ಲಿ ಎಮ್ಮೆ, ಎಮ್ಮೆಯ ಮೇಲೆ ಬೆಳ್ಳಕ್ಕಿ. ಎಲ್ಲ ನಮ್ಮ ಹೆಮ್ಮಾಡಿ ಬಯಲಿನ ಹಾಗೇ ಇದ್ದುದರಿಂದ ಬುದ್ಧಿ ಹೇಳಲು ಬಹಳ ಅನುಕೂಲವಾಯಿತು. ಮನೆಯ ಮರ್ಯಾದೆ, ಅಕ್ಕನ ಆರೋಗ್ಯ, ದೈವದ ಅಸಮಾಧಾನ, ಒಂದೊಂದಾಗಿ ಮುಂದಿಟ್ಟೆ. ಅವನು ಎಲ್ಲಕ್ಕೂ ಹೂಂ ಎಂದ. ಚಿಕ್ಕಂದಿನಿಂದಲೂ ಅವನು ಹಾಗೇ, ಮಾತು ಕಡಿಮೆ.

ಕಡೆಯಲ್ಲಿ ಇಷ್ಟೇ ಹೇಳಿದ: “ಮಾವ, ನೀವ್ ಒಂದ್ ಸಲ ಬಂದ್ ಕಾಣಿ. ಆಮೇಲ್ ನೀವ್ ಹೇಳ್ದಾಂಗೆ.”

ಹುಡುಗಿಯ ಹೆಸರು ಕೇಳಿದೆ. ಕಾಂಚನಾ ಎಂದ. ಕೋಟೇಶ್ವರದಲ್ಲೋ ತೆಕ್ಕಟ್ಟೆಯಲ್ಲೋ ಕೂಗಿದರೆ ಓಗೊಡುವ ಹೆಸರು ಅದು. ಮುಖಕ್ಕೆ ತಣ್ಣೀರು ಎರಚಿದಂತಾಯಿತು. ಬಾಯಿಗೆ ತಿರುಗದ ಯಾವುದೋ ಹೆಸರಿರುತ್ತದೆ, ಅಕ್ಕನಿಗೆ ವರದಿ ಮಾಡಲು ಅನುಕೂಲ ಎಂದು ನಂಬಿ ಕೂತಿದ್ದೆ.

ಖಾಮ್ ತಾಯಿಯ ಜಗಲಿ

ಕಾಂಚನಾಳ ತಾಯಿಯ ಹೆಸರು ಖಾಮ್. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮರದ ಕಂಬಗಳ ಮೇಲೆ ನಿಂತ ಮನೆ. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಅಲ್ಲೇ ಇಟ್ಟ ನೀರಿನಿಂದ ಕಾಲು ತೊಳೆದು ಹತ್ತಬೇಕು. ಇದು ನಮ್ಮಲ್ಲೂ ಇರುವುದೇ. ನಾನು ಚಾಪೆಯ ಮೇಲೆ ಕುಳಿತು, ಪ್ರಯಾಣದ ನೋವಿಗೆ ಕಾಲು ಚಾಚಿದೆ. ಚಾಚಿದ ಕಾಲು ನೆಟ್ಟಗೆ ಅವರ ಹಿರಿಯರ ದೈವದ ಕಡೆಗಿತ್ತಂತೆ. ಖಾಮ್ ತಾಯಿ ಎದ್ದು ಬಂದು ನನ್ನ ಕಾಲಿನ ಮೇಲೆ ಒಂದು ಬಟ್ಟೆ ಹೊದಿಸಿ ಹೋದಳು. ನನಗೆ ಚಳಿಯಾದೀತೆಂದು ಹೊದಿಸಿದಳೆಂದು ಖುಷಿಪಟ್ಟೆ. ಸುಧಾಕರ ಕಿವಿಯಲ್ಲಿ ವಿಷಯ ತಿಳಿಸಿದ ಮೇಲೆ ಕಾಲು ತಾನಾಗಿ ಮಡಚಿಕೊಂಡಿತು.

ನೀರು ತಂದಿಟ್ಟರು. ಮುಟ್ಟಲಿಲ್ಲ. ಸುಧಾಕರ ತಲೆ ತಗ್ಗಿಸಿದ, ಅವನಿಗೆ ಅರ್ಥವಾಯಿತು. ಅಷ್ಟರಲ್ಲಿ ಖಾಮ್ ತಾಯಿ ಪಕ್ಕದಿಂದ ಒಂದು ಬುಟ್ಟಿ ಎಳೆದು, ವೀಳ್ಯದೆಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ ಮುಂದೆ ಹಿಡಿದಳು. ಕವಳ! ಊರು ಬಿಟ್ಟ ಮೇಲೆ ನಾನು ಒಳ್ಳೆಯ ಕವಳ ಕಂಡಿರಲಿಲ್ಲ. ಅಕ್ಕ ಊಟ ಬೇಡ ಎಂದಿದ್ದಳು, ನೀರು ಬೇಡ ಎಂದಿದ್ದಳು, ಕವಳದ ಮಾತು ಆಡಿರಲಿಲ್ಲ. ಕವಳವನ್ನು ಕಡೆಗೆ ಉಗಿಯುತ್ತೇವಾದ್ದರಿಂದ ಅದು ಊಟದ ಲೆಕ್ಕಕ್ಕೆ ಬಾರದು ಎಂದು ಸ್ಥಳದಲ್ಲೇ ತೀರ್ಪು ಕೊಟ್ಟು ಬಾಯಿಗೆ ಹಾಕಿದೆ. ಸುಣ್ಣ ಹದವಾಗಿತ್ತು.

ಬಾಯಿ ಕೆಂಪಾದ ಮೇಲೆ ಕೆಲಸಕ್ಕೆ ಇಳಿದೆ. “ಇವ್ರ್ ಬಳಿ ಯಾವ್ದ್ ಕೇಳ್” ಎಂದೆ. ಈ ಒಂದು ಪ್ರಶ್ನೆಗೆ ಆ ಹೆಂಗಸು ತಬ್ಬಿಬ್ಬಾಗುತ್ತಾಳೆ, ನಾನು ಎದ್ದು ಹೊರಡಬಹುದು ಎಂಬುದು ನನ್ನ ಅಂದಾಜು. ಖಾಮ್ ತಾಯಿ ತಬ್ಬಿಬ್ಬಾಗಲಿಲ್ಲ. ಕವಳ ಒಂದು ಕೆನ್ನೆಗೆ ಸರಿಸಿ ನಿಧಾನವಾಗಿ ಹೇಳತೊಡಗಿದಳು. ಸುಧಾಕರ ಅದನ್ನು ನಮ್ಮ ಭಾಷೆಗೆ ಹಾಕುತ್ತಾ ಹೋದ. ಅವನ ಬಾಯಲ್ಲಿ ಅವಳು ಅಪ್ಪಟ ಕುಂದಾಪುರದವಳೇ ಆದಳು.

“ನಮ್ಮನಿ ದೈವ ಹೆಂಗ್ಸ್ರ್ ಕಡೀಂದ ಬಂದದ್ದ್. ಅಜ್ಜಿಯಿಂದ ಅಮ್ಮಂಗೆ, ಅಮ್ಮನಿಂದ ನಂಗೆ. ನನ್ ನಂತ್ರ ಈ ಹೆಣ್ಣಿಗೆ. ಗಂಡ್ಸ್ರ್ ಮದ್ವಿ ಆಯಿ ನಮ್ಮನಿಗೆ ಬಪ್ಪುದ್. ನಿಮ್ದ್ ಹ್ಯಾಂಗೆ?”

ಸಮುದ್ರ ದಾಟಿ ಬಂದು, ಅಳಿಯಕಟ್ಟಿನ ಹೆಸರಿನಲ್ಲಿ ಆಕ್ಷೇಪಣೆ ಎತ್ತಿದರೆ, ಎದುರು ಕೂತವಳು ನನಗೇ ಅಳಿಯಕಟ್ಟಿನ ಪಾಠ ಹೇಳುತ್ತಿದ್ದಳು. ಅದೂ ನಮ್ಮ ಅಜ್ಜಿಯ ಕಾಲದ ಅಳಿಯಕಟ್ಟು, ಕಾಯ್ದೆಯ ನೆರಳೂ ಬೀಳದ್ದು.

ಆಮೇಲೆ ಅವಳು ನನ್ನನ್ನೇ ಪ್ರಶ್ನೆ ಕೇಳಿದಳು. ಸುಧಾಕರನ ಮುಖ ಕೆಂಪಾಯಿತು. ತರ್ಜುಮೆ ಮಾಡಲು ಹಿಂದೆ ಮುಂದೆ ನೋಡಿದ. ನಾನು ಗದರಿದ ಮೇಲೆ ಹೇಳಿದ: “ಊರಂಗೆ ನಂಗ್ ಹೆಂಡ್ತಿ ಮಕ್ಕಳ್ ಇದ್ರಾ ಅಂದ್ ಕೇಂತ್ರ್ ಮಾವ.”

ಆ ಊರಿನಲ್ಲಿ ಹಾಗೆ ಆಗಿತ್ತಂತೆ. ನೆರೆಮನೆಯ ಹುಡುಗಿಯನ್ನು ಮದುವೆಯಾಗಿದ್ದ ಪರದೇಶಿ ವ್ಯಾಪಾರಿಯೊಬ್ಬ ಒಂದು ದಿನ ಊರಿಗೆ ಹೋಗಿ ಬರುತ್ತೇನೆಂದು ಹೋದವನು ಬರಲೇ ಇಲ್ಲ. ಅವನಿಗೆ ಅಲ್ಲೊಂದು ಸಂಸಾರವಿತ್ತು. ಖಾಮ್ ತಾಯಿಗೆ ಆ ಹೆದರಿಕೆ. ಹುಡುಗ ಒಳ್ಳೆಯವನೇ, ಆದರೆ ಒಳ್ಳೆಯವನ ಹಿಂದೆ ಯಾರಿದ್ದಾರೆ? ಬರುವ ವಾರ ಅವಳ ಮನೆಯ ದೈವಕ್ಕೆ ಬಡಿಸುವ ದಿನ. ಅವಳ ಬಳಿಯ ಹೆಂಗಸರೆಲ್ಲ ಸೇರುತ್ತಾರೆ. ಅಂದು ಹುಡುಗನ ತಾಯಿಯ ಕಡೆಯ ಹಿರಿಯರು ಅವರ ಜೊತೆ ಕೂತು ಉಣ್ಣಬೇಕು. ಉಂಡರೆ ಮದುವೆ. ಉಣ್ಣದಿದ್ದರೆ ಮಗಳನ್ನು ಕೊಡುವುದಿಲ್ಲ.

ಇಷ್ಟು ಸಲೀಸಾದ ಗೆಲುವು ಯಾವ ಯಜಮಾನನಿಗೂ ಸಿಕ್ಕಿರಲಾರದು. ಜಗಳ ಬೇಡ, ಕಣ್ಣೀರು ಬೇಡ. ಒಂದು ಹೊತ್ತು ಉಪವಾಸ ಕೂತರೆ ಸಾಕು, ಅಳಿಯ ಊರಿಗೆ ಬಂದಂತೆಯೇ. ಬರುತ್ತೇನೆ ಎಂದು ತಲೆಯಾಡಿಸಿದೆ. ಸುಧಾಕರ ನನ್ನ ಮುಖ ನೋಡಿದ.

ಸಿಪ್ಪೆಯ ಬೆಂಕಿ

ದೈವದ ದಿನ ನಾವು ಹೋಗುವಾಗ ಬೆಳಗ್ಗೆಯೇ ಒಂದು ಹಂದಿಯ ಕೆಲಸ ಮುಗಿದಿತ್ತು. ಬೇಯಿಸಿದ ತಲೆಯನ್ನು ದೈವದ ಮುಂದೆ ಇಟ್ಟಿದ್ದರು. ನಮ್ಮಲ್ಲಿ ಯಜಮಾನನಿಗೆ ಬರುವ ಪಾಲು ಇಲ್ಲಿ ದೈವಕ್ಕೆ ಹೋಗುತ್ತದೆ. ಮನುಷ್ಯರಿಗೆ ಮಾಡುವುದು ಸಾಸೇಜು, ಅಂದರೆ ಹಂದಿಯ ಕರುಳಿನೊಳಗೆ ಸೊಪ್ಪು ಮಸಾಲೆ ಬೆರೆಸಿದ ಹಂದಿ ಮಾಂಸವನ್ನೇ ತುಂಬಿ ಸುಡುವ ತಿನಿಸು. ಕೊಂದ ಪ್ರಾಣಿಯನ್ನು ಅದರ ಕರುಳಿಗೇ ಮತ್ತೆ ತುಂಬುವ ಈ ಯೋಚನೆ ಮೊದಲು ಯಾರಿಗೆ ಹೊಳೆಯಿತೋ ತಿಳಿಯದು.

ಅಂಗಳದಲ್ಲಿ ಸುತ್ತಿದ ಸಾಸೇಜುಗಳು ದೊಡ್ಡ ಚಕ್ಕುಲಿಗಳ ಹಾಗೆ ಬಿದಿರಿನ ಜಾಲರಿಯ ಮೇಲೆ ಮಲಗಿದ್ದವು. ಕೆಳಗೆ ತೆಂಗಿನ ಸಿಪ್ಪೆಯ ಬೆಂಕಿ. ನನಗೆ ಅಲ್ಲಿಯವರೆಗೆ ಯಾವ ಕೆಲಸವೂ ಇರಲಿಲ್ಲ, ಗಂಭೀರವಾಗಿ ಕೂತಿದ್ದೆ. ಆದರೆ ಬೆಂಕಿ ಕಾಯುತ್ತಿದ್ದ ಮುದುಕಿಯೊಬ್ಬಳು ಮಾಡಿದ್ದನ್ನು ನೋಡಿ ಕೂರಲಾಗಲಿಲ್ಲ. ಅವಳು ಸಿಪ್ಪೆಗೆ ನೀರು ಚಿಮುಕಿಸುತ್ತಿದ್ದಳು! ಬೆಂಕಿ ಸತ್ತು ಬರೀ ಹೊಗೆ ಏಳುತ್ತಿತ್ತು.

ತೆಂಗಿನ ಸಿಪ್ಪೆಯ ಬಗ್ಗೆ ಕುಂದಾಪುರದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಚ್ಚಲ ಒಲೆಗೆ ಸಿಪ್ಪೆ ಒಟ್ಟಿ, ಹಂಡೆ ನೀರು ಮರಳುವ ಹಾಗೆ ಉರಿ ಎಬ್ಬಿಸುವುದನ್ನು ನಾವು ನಡೆಯುವ ಮೊದಲೇ ಕಲಿಯುತ್ತೇವೆ. ಅಯ್ಯೋ ಪಾಪ, ಈ ದೇಶದವರಿಗೆ ತೆಂಗು ಇದ್ದೂ ಸಿಪ್ಪೆಯ ಬೆಂಕಿ ಗೊತ್ತಿಲ್ಲವಲ್ಲ ಎಂದು ಮರುಕವಾಯಿತು. ಮುದುಕಿಯನ್ನು ಕೈಸನ್ನೆಯಿಂದ ಸರಿಸಿ, ಮೂಲೆಯಲ್ಲಿದ್ದ ಒಣ ಸಿಪ್ಪೆಗಳನ್ನು ತಂದು ಒಟ್ಟಿ, ಬೀಸಣಿಗೆ ಹಿಡಿದು ಬೀಸಿದೆ. ಏನು ಉರಿ! ಊರಿನ ನೆನಪಾಗಿ ಮನಸ್ಸು ಅರಳಿತು.

ಆಮೇಲೆ ಕೊಬ್ಬು ತೊಟ್ಟಿಕ್ಕಿತು. ಉರಿ ಮೇಲೆದ್ದು ಜಾಲರಿ ಹಿಡಿಯಿತು. ಸಾಸೇಜುಗಳು ಒಂದೊಂದಾಗಿ ಪಟಾರೆಂದು ಒಡೆದವು. ಕಾಂಚನಾ ಓಡಿ ಬಂದು ನೀರು ಸುರಿಯುವ ಹೊತ್ತಿಗೆ ಇಡೀ ಬಳಿಯ ಊಟ ಇದ್ದಿಲಾಗಿತ್ತು. ಅದನ್ನು ಹೊಗೆಯಲ್ಲಿ ಮೆಲ್ಲಗೆ ಬೇಯಿಸಬೇಕಂತೆ. ನೀರು ಚಿಮುಕಿಸುವುದೇ ಅದಕ್ಕಂತೆ.

ಅಂಗಳದ ಹೆಂಗಸರೆಲ್ಲ ನನ್ನನ್ನು ನೋಡಿ ನಕ್ಕರು. ಈ ಜನರ ನಗುವೇ ಒಂದು ಕಷ್ಟ. ಸಿಟ್ಟು ಬಂದರೂ ನಗುತ್ತಾರೆ, ನಾಚಿಕೆಯಾದರೂ ನಗುತ್ತಾರೆ. ನನಗೆ ನಿಂತಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಖಾಮ್ ತಾಯಿ ಕಪ್ಪಾದ ಜಾಲರಿಯನ್ನು ನೋಡಿದಳು, ನನ್ನನ್ನು ನೋಡಿದಳು, ಏನೋ ಹೇಳಿದಳು.

“ಎಂತ ಅಂದ್ರ್?” ಎಂದೆ.

ಸುಧಾಕರ ನಗು ತಡೆಯುತ್ತಿದ್ದ. “ಮಾಂಸ ಇನ್ನೂ ಇತ್ತಂಬ್ರ್. ಸುಟ್ಟೋರೇ ಮತ್ತ್ ಮಾಡ್ಕ್ ಅಂಬ್ರ್.”

ಕರುಳು ತುಂಬಿದ್ದು

ನಾನು ಜೀವಮಾನದಲ್ಲಿ ಅಡಿಗೆಮನೆಯ ಹೊಸ್ತಿಲು ದಾಟಿದ್ದು ಕಡಿಮೆ, ದಾಟಿದರೂ ಉಣ್ಣಲು. ಆ ದಿನ ಕಚ್ಚೆ ಕಟ್ಟಿ ಕುಕ್ಕರುಗಾಲಿನಲ್ಲಿ ಕೂತು ಹಂದಿಯ ಕರುಳು ತೊಳೆದೆ. ಮೊದಲು ನೀರಿನಲ್ಲಿ, ಆಮೇಲೆ ಉಪ್ಪು ಹಾಕಿ ತಿಕ್ಕಿ, ಬಿದಿರು ಕಡ್ಡಿಯಿಂದ ಒಳಗಿನದನ್ನು ಹೊರಗೆ ಮಗುಚಿ, ಪೇರಳೆ ಎಲೆ ಹಾಕಿ ಮತ್ತೆ ತಿಕ್ಕಿ. ನಾತ ಹೋಗಿ ಪೇರಳೆಯ ಪರಿಮಳ ಬರುವವರೆಗೆ ಬಿಡಲಿಲ್ಲ. ಗುಲ್ವಾಡಿಯವರು ಯಾರೂ ಈ ದಿಕ್ಕಿಗೆ ಬರುವುದಿಲ್ಲ ಎಂಬ ಧೈರ್ಯವೊಂದೇ ನನ್ನನ್ನು ಕಾಪಾಡಿತು.

ಕಾಂಚನಾ ಕಲ್ಲಿನಲ್ಲಿ ಮಸಾಲೆ ಕುಟ್ಟಿದಳು. ಒಣಮೆಣಸು, ಬೆಳ್ಳುಳ್ಳಿ, ಸಣ್ಣ ನೀರುಳ್ಳಿ, ಹಸಿ ಅರಿಶಿನ, ಶುಂಠಿಯ ದಾಯಾದಿಯಂತಿದ್ದ ಒಂದು ಗಡ್ಡೆ. ನಮ್ಮ ಹಿತ್ತಿಲಿನಲ್ಲಿ ಜ್ವರದ ಕಷಾಯಕ್ಕೆಂದು ಬೆಳೆಸುವ, ಲಿಂಬೆ ವಾಸನೆಯ ಮಜ್ಜಿಗೆ ಹುಲ್ಲನ್ನು ಹಿಡಿ ಹಿಡಿಯಾಗಿ ಹಾಕಿದಳು. ಕೊನೆಗೆ ಒಂದು ಉಂಡೆ ಕಪ್ಪು ವಸ್ತು. ಮೂಗಿಗೆ ಹಿಡಿದೆ, ಗುರುತು ಹತ್ತಿತು. ಚಟ್ಲಿ! ಸಣ್ಣ ಸಿಗಡಿಯನ್ನು ಉಪ್ಪಿನಲ್ಲಿ ಕೊಳೆಸಿ ಅರೆದದ್ದು. ಗಂಗೊಳ್ಳಿಯ ಮೀನು ಒಣಗಿಸುವ ಬಯಲಿನಿಂದ ಗಾಳಿ ಬೀಸಿದಂತಾಯಿತು. ಇದನ್ನೆಲ್ಲ ಕೊಚ್ಚಿದ ಮಾಂಸಕ್ಕೂ ಕೊಬ್ಬಿಗೂ ಬೆರೆಸಿ, ಲಿಂಬೆಯ ಜಾತಿಯ ಒಂದು ಎಲೆಯನ್ನು ಕೂದಲೆಳೆಯ ಹಾಗೆ ಹೆಚ್ಚಿ ಹಾಕಿ, ಕೊತ್ತಂಬರಿ ಸೊಪ್ಪು ಉದುರಿಸಿ ಕಲಸಿದರು.

ತುಂಬುವುದು ನನ್ನ ಪಾಲಿಗೆ ಬಂತು. ಬಿದಿರಿನ ತುಂಡೊಂದನ್ನು ಕರುಳಿನ ಬಾಯಿಗೆ ಸಿಕ್ಕಿಸಿ, ಹೆಬ್ಬೆರಳಿನಿಂದ ಒತ್ತುತ್ತಾ ಹೋಗಬೇಕು. ಮೊದಲು ಬಿಗಿಯಾಗಿ ಒತ್ತಿದೆ, ಒಡೆಯಿತು. ಸಡಿಲವಾಗಿ ಒತ್ತಿದೆ, ಗಾಳಿ ಹೊಕ್ಕಿತು. ಖಾಮ್ ತಾಯಿ ಎದುರು ಕೂತು ನನ್ನ ಹೆಬ್ಬೆರಳು ಹಿಡಿದು ಎಷ್ಟು ಒತ್ತಬೇಕೆಂದು ತೋರಿಸಿದಳು. ಆಮೇಲೆ ಸುಮಾರಾಗಿ ಬಂತು. ಗಾಳಿ ನಿಂತಲ್ಲಿ ಮುಳ್ಳಿನಿಂದ ಚುಚ್ಚಲು ಸುಧಾಕರನನ್ನು ಕೂರಿಸಿದಳು.

ಅವನನ್ನು ನಾನು ಆಗ ನೋಡಿದೆ. ಸರಿಯಾಗಿ ಚುಚ್ಚದಿದ್ದರೆ ಅವಳು ಅವನ ಕೈಗೆ ಫಟ್ಟನೆ ಹೊಡೆಯುತ್ತಿದ್ದಳು, ಅವನು ಏನೋ ಎದುರುತ್ತರ ಕೊಡುತ್ತಿದ್ದ, ಕಾಂಚನಾ ನಗುತ್ತಿದ್ದಳು. ಉಪ್ಪಿನ ಭರಣಿ ಎಲ್ಲಿದೆ, ನೀರು ತೋಡುವ ಚಿಪ್ಪು ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಹೂಂ, ಉಹೂಂ ಎರಡರಲ್ಲೇ ಬೆಳೆದ ಹುಡುಗ ಇಲ್ಲಿ ಬಾಯಿ ಮುಚ್ಚದೆ ಮಾತಾಡುತ್ತಿದ್ದ. ನನಗೆ ಹೊಟ್ಟೆಕಿಚ್ಚಾಯಿತು. ಅವನ ಮೇಲಲ್ಲ, ಈ ಮನೆಯ ಮೇಲೆ.

ಈ ಸಲ ಮುದುಕಿ ನನ್ನನ್ನು ಬೆಂಕಿಯ ಹತ್ತಿರ ಸೇರಿಸಲಿಲ್ಲ. ಬಿಸಿಲು ಇಳಿಯತೊಡಗಿದ ಮೇಲೆ ಊಟಕ್ಕೆ ಕೂತೆವು. ನೆಲದ ಮೇಲೆ ತಟ್ಟೆಗಳನ್ನಿಡುವ ದುಂಡನೆಯ ಮೋಟು ಮಣೆ, ಅದರ ಸುತ್ತ ಖಾಮ್ ತಾಯಿಯ ಬಳಿಯ ಹೆಂಗಸರು. ನನ್ನನ್ನು ನಡುವೆ ಕೂರಿಸಿದರು. ಅಂಟು ಅನ್ನವನ್ನು ಕೈಯಲ್ಲಿ ಉಂಡೆ ಕಟ್ಟಿ ತಿನ್ನುತ್ತಾರೆ. ಸಾಸೇಜನ್ನು ಓರೆಯಾಗಿ ಕತ್ತರಿಸಿದ ತಟ್ಟೆ ಹಿಡಿದು ಕಾಂಚನಾ ಮೊದಲು ನನ್ನ ಮುಂದೆ ಬಂದಳು. ನನ್ನ ಕೈ ತಾನಾಗಿ ಅಡ್ಡ ಬಂತು. “ಬ್ಯಾಡ” ಎಂದೆ.

ಅದು ಉಪಚಾರಕ್ಕೆ ಅಂದದ್ದೋ, ಅಕ್ಕನಿಗೆ ಕೊಟ್ಟ ಮಾತಿಗೆ ಅಂದದ್ದೋ ನನಗೇ ಗೊತ್ತಿಲ್ಲ. ಆ ಹುಡುಗಿ ಸುಧಾಕರನಿಂದ ನಮ್ಮ ಮಾತು ನಾಲ್ಕಾರು ಕಲಿತಿದ್ದಳು. ಅವುಗಳಲ್ಲಿ ಇದೂ ಒಂದು. ಅವಳ ಕೈ ಅರೆಗಳಿಗೆ ನಿಂತಿತು. ಆಮೇಲೆ ಆ ದೇಶದ ಪದ್ಧತಿಯಂತೆ, ನಗುತ್ತಾ, ತಟ್ಟೆಯನ್ನು ಮುಂದಿನವರ ಕಡೆ ಸರಿಸಿದಳು. ಆ ನಗುವಿನಲ್ಲಿ ತುಟಿ ನಡುಗುತ್ತಿತ್ತು. ಖಾಮ್ ತಾಯಿ ನನ್ನನ್ನು ನೋಡಲಿಲ್ಲ, ಮಗಳನ್ನು ನೋಡಿದಳು. ಊರಿನಲ್ಲಿ ಗಂಜಿಯ ಮುಂದೆ ಕೂತು ಬಾಗಿಲ ಕಡೆ ನೋಡುವ ಅಕ್ಕನ ಮುಖ ನನ್ನ ಕಣ್ಣ ಮುಂದೆ ಬಂತು. ಒಬ್ಬ ತಾಯಿಯ ಪರವಾಗಿ ಇನ್ನೊಬ್ಬ ತಾಯಿಯ ಹೊಟ್ಟೆ ಉರಿಸಲು ನಾನು ಇಷ್ಟು ದೂರ ಬಂದಿದ್ದೆನೇ?

ತಟ್ಟೆ ಆಗಲೇ ಮಣೆಯ ಆಚೆ ಬದಿಗೆ ಹೋಗಿತ್ತು.

“ಹ್ವಾಯ್!” ಎಂದು ಕೂಗಿದೆ. ಹೊಳೆಯಾಚೆಯ ದೋಣಿ ಕರೆಯುವ ಗಂಟಲು ನನ್ನದು. ಹೆಂಗಸರು ಬೆಚ್ಚಿಬಿದ್ದರು, ಕೋಳಿಗಳು ಮನೆಯ ಅಡಿಯಿಂದ ಹಾರಿದವು. “ಹ್ವಾಯ್, ಹೆಣ್ಣೇ, ಇಲ್ಲ್ ತಾ. ಬೇಕ್! ನಂಗ್ ಬೇಕ್!”

ಇದನ್ನು ಸುಧಾಕರ ತರ್ಜುಮೆ ಮಾಡಬೇಕಾಗಲಿಲ್ಲ. ಅವನು ಮಾಡುವ ಸ್ಥಿತಿಯಲ್ಲೂ ಇರಲಿಲ್ಲ, ಮುಖ ಆ ಕಡೆ ತಿರುಗಿಸಿ ಕಣ್ಣು ಒರೆಸಿಕೊಳ್ಳುತ್ತಿದ್ದ. ಖಾಮ್ ತಾಯಿ ತಾನೇ ಎದ್ದು ತಟ್ಟೆ ತಂದು ನನ್ನ ಮುಂದೆ ಇಟ್ಟಳು. ತಿಂದೆ. ಖಾರ ನೆತ್ತಿಗೇರಿತು, ಹುಲ್ಲಿನ ಪರಿಮಳ ಬಂತು, ಹಿಂದಿನಿಂದ ಚಟ್ಲಿ ಬಂದು ಹಾಜರಿ ಹಾಕಿತು. ನನ್ನ ಹೆಬ್ಬೆರಳಿನ ಕೆಲಸ ಎಂಬ ಅಭಿಮಾನವೂ ಸೇರಿ ಬಹಳ ರುಚಿಯಾಗಿತ್ತು. ಇನ್ನಷ್ಟು ಬೇಕು ಎಂದೆ, ಕೊಟ್ಟರು. ಬಾಯಿಬಿಟ್ಟು ಬೇಕು ಎನ್ನುವುದರಲ್ಲಿ ಇಷ್ಟು ಸುಖವಿದೆ ಎಂದು ಈ ವಯಸ್ಸಿನಲ್ಲಿ ತಿಳಿಯಿತು. ನೀರನ್ನೂ ಕುಡಿದೆ.

ಮತ್ತೆ ಗುಲ್ವಾಡಿ

ನಾನೊಬ್ಬನೇ ಬಂದದ್ದನ್ನು ಅಕ್ಕ ಅಂಗಳದಲ್ಲೇ ನೋಡಿದಳು. ಕೈಕಾಲು ತೊಳೆಯಲು ನೀರು ಕೊಟ್ಟು ಒಂದೇ ಮಾತು ಕೇಳಿದಳು.

“ಉಂಡ್ಯಾ?”

“ಉಂಡೆ ಅಕ್ಕ.”

ಒಳಗೆ ಹೋದಳು. ಮತ್ತೆ ಎಷ್ಟೋ ದಿನ ನನ್ನ ಜೊತೆ ಮಾತಿಲ್ಲ. ಬಡಿಸುವಾಗ ಎಲೆ ನೋಡುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಖಾಮ್ ತಾಯಿಯ ವಿಷಯ, ಹೆಂಗಸರ ಕಡೆಯಿಂದ ಬರುವ ಅವರ ದೈವದ ವಿಷಯ, ಎಲ್ಲವನ್ನೂ ನಾನು ಗೋಡೆಗೆ ಹೇಳುವಂತೆ ಹೇಳುತ್ತಿದ್ದೆ. ಗೋಡೆಯ ಆಚೆ ಅವಳು ಅಕ್ಕಿ ಆರಿಸುವ ಮೊರದ ಸದ್ದು ಆಗಾಗ ನಿಲ್ಲುತ್ತಿತ್ತು.

ಒಂದು ಬೆಳಗ್ಗೆ ಬಾಗಿಲಲ್ಲಿ ಬಂದು ನಿಂತಳು. “ಅದೆಂತದ್ ತಿಂದ್ಕಂಡ್ ಬಂದೆ ಅಲ್ದಾ, ಅದನ್ನ್ ಇಲ್ಲ್ ಮಾಡ್ ಕಾಂಬ” ಎಂದಳು.

“ಅಕ್ಕ, ಅದ್ ಊರ್ ಹಂದಿ...”

“ಗೊತ್ತಿತ್ತ್. ಮಾಡ್.”

ಬ್ರಹ್ಮಾವರಕ್ಕೆ ಹೋಗಿ ಲಾರೆನ್ಸರಲ್ಲಿ ಮಾಂಸ, ಕರುಳು ಎರಡೂ ಬೇಕು ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಕೊಡುವ ಮಾರಾಯ್ರೆ. ಹಿತ್ಲ್ ಬಾಗ್ಲಿಗ್ ಕಳ್ಸ್ಕಾ, ಎದ್ರ್ ಬಾಗ್ಲಿಗ್ ಕಳ್ಸ್ಕಾ?” ಎಂದು ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೇ ಹೊತ್ತು ತಂದೆ, ಎದುರು ಬಾಗಿಲಿನಿಂದಲೇ.

ಅಂಗಳದ ಮೂಲೆಯಲ್ಲಿ ಕೂತು ತೊಳೆದೆ, ಕುಟ್ಟಿದೆ, ತುಂಬಿದೆ. ಆ ಲಿಂಬೆಯ ಜಾತಿಯ ಎಲೆ ಇಲ್ಲಿ ಸಿಗದೆ ಹೇರಳೆಯ ಚಿಗುರು ಹೆಚ್ಚಿ ಹಾಕಿದೆ. ಅಕ್ಕಪಕ್ಕದವರು ಬೇಲಿಯ ಮೇಲಿಂದ ಇಣುಕಿದರು. ಯಜಮಾನರಿಗೆ ಹೊರದೇಶದ ನೀರು ತಲೆಗೇರಿದೆ ಎಂದು ಮಾತಾಡಿಕೊಂಡರಂತೆ. ಸಿಪ್ಪೆಗೆ ನೀರು ಚಿಮುಕಿಸಿ ಹೊಗೆಯಲ್ಲಿ ಸುಡುವಾಗ ಅಕ್ಕ ಜಗಲಿಯ ಮೇಲೆ ಬಂದು ಕೂತಿದ್ದಳು. ಮಗ ಅಲ್ಲಿ ಏನೇನು ಮಾಡಿದ ಎಂದು ಕೇಳಿದಳು. ಮುಳ್ಳಿನಿಂದ ಚುಚ್ಚಿದ್ದು, ಕೈಗೆ ಪೆಟ್ಟು ತಿಂದದ್ದು, ನಕ್ಕದ್ದು, ಎಲ್ಲ ಹೇಳಿದೆ.

“ಮಾಣಿ ನಗ್ಯಾಡ್ತ್ನಾ?”

“ನಗ್ಯಾಡ್ತ ಅಕ್ಕ. ಮಾತೂ ಆಡ್ತ.”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಹೊಗೆ ಆ ಕಡೆಗೇನೂ ಬೀಸುತ್ತಿರಲಿಲ್ಲ.

ಬಾಳೆ ಎಲೆಯ ಮೇಲೆ ಕತ್ತರಿಸಿ ಮುಂದಿಟ್ಟೆ. ಒಂದು ತುಂಡು ಬಾಯಿಗೆ ಹಾಕಿ ಬಹಳ ಹೊತ್ತು ಜಗಿದಳು. ಇನ್ನೊಂದು ತುಂಡನ್ನು ಗಂಜಿಯ ಜೊತೆ ತಿಂದಳು. ಕೈ ತೊಳೆದು ಬಂದು ಕೂತಳು.

“ಹುಳಿ ಇಲ್ಲ ಇದ್ರಂಗೆ” ಎಂದಳು. “ಮಾಣಿಗೆ ಹುಳಿ ಇಲ್ದಿರೆ ಆತಿಲ್ಲ. ಆ ಹೆಂಗ್ಸಿಗೆ ಅದ್ ಗೊತ್ತಿಲ್ಲ.”

ನಮ್ಮ ಕಡೆ ಒಂದು ಮನೆಯ ಅಡಿಗೆಗೆ ಹೀಗೆ ಹೆಸರಿಡುವ ಹಕ್ಕು ಇರುವುದು ಆ ಮನೆಯ ಬೀಗರಿಗೆ ಮಾತ್ರ. ಸುಧಾಕರನಿಗೆ ಇವತ್ತೇ ಬರೆದು ತಿಳಿಸುತ್ತೇನೆ ಎಂದೆ.

“ಬರೆಯುದ್ ಬ್ಯಾಡ” ಎಂದಳು ಅಕ್ಕ. “ಇಂಥದ್ದೆಲ್ಲ ಬರ್ದ್ ಹೇಳುಕಾತಿಲ್ಲ. ನಾನೇ ಹೋಯಿ, ಅವ್ಳ್ ಒಲಿ ಬುಡದಂಗೆ ಕೂಕಂಡ್ ಹೇಳ್ತೆ.”